ಬಸ್ಸು ಕೇಳಿ ವಿಷಯ ಕೊಡುತ್ತಿದ್ದ ಅಣ್ಣ

ಬಳ್ಳಾರಿಯ ನಮ್ಮ ಕಾಲೇಜಿನಲ್ಲಿ ಡಿಗ್ರಿ ಸಿಗಬೇಕಾದರೆ ನಮ್ಮ ವಿಭಾಗದ್ದಲ್ಲದ ಒಂದು ವಿಷಯವನ್ನೂ ಓದಿ ಕ್ರೆಡಿಟ್ ಗಳಿಸಲೇಬೇಕಿತ್ತು. ಅದನ್ನು ಆರಿಸುವುದು ಹೇಗೆಂದು ಲೆಕ್ಚರರ್‌ಗಳು ಒಂದು ತಾಸು ಹೇಳಿದರು. ನಾವು ಕೇಳಿಸಿಕೊಂಡು, ಗೇಟಿನೆದುರಿನ ಝೆರಾಕ್ಸ್ ಅಂಗಡಿಯ ಅಣ್ಣನ ಹತ್ತಿರ ಹೋದೆವು. ಅರ್ಜಿ ತುಂಬುವ ಕಂಪ್ಯೂಟರ್ ಅವನದು. ಮೇಜಿನ ಗಾಜಿನ ಕೆಳಗೆ ಎರಡು ಹಾಳೆ ಇಟ್ಟಿದ್ದ. ಒಂದು ಕಾಲೇಜಿನ ವೇಳಾಪಟ್ಟಿ, ಇನ್ನೊಂದು ಬಸ್ಸಿನದು. ಕಿವಿಗೆ ಸಿಕ್ಕಿಸಿದ ಪೆನ್ಸಿಲ್ ತೆಗೆದು ಎಲ್ಲರಿಗೂ ಒಂದೇ ಪ್ರಶ್ನೆ ಹಾಕುತ್ತಿದ್ದ: “ಬಸ್ ಯಾವ್ದು?”

“ಹಚ್ಚೊಳ್ಳಿದು. ನನಗ ಮನಶ್ಶಾಸ್ತ್ರ ಬೇಕಣ್ಣ,” ಎಂದೆ.

“ಅದು ಒಂಬತ್ತಕ್ಕ ಐತಿ ತಂಗಿ. ನಿಮ್ಮ ಬಸ್ ಬರೋದು ಹತ್ತೂವರಿಗೆ. ಖಗೋಳಶಾಸ್ತ್ರ ತಗೋ, ಹನ್ನೊಂದಕ್ಕ ಐತಿ.”

“ನನಗ ಲೆಕ್ಕ ಬರಂಗಿಲ್ಲಣ್ಣ.”

“ಬಸ್ ಬರ್ತೈತಲ್ಲ, ಸಾಕು,” ಎಂದು ಕಂಪ್ಯೂಟರಿನಲ್ಲಿ ಬಟನ್ ಒತ್ತಿಯೇ ಬಿಟ್ಟ.

ಮೊದಲ ದಿನ ಖಗೋಳದ ಕ್ಲಾಸಿಗೆ ಹೋದರೆ ಇಡೀ ಹಚ್ಚೊಳ್ಳಿ ಬಸ್ಸೇ ಅಲ್ಲಿ ಕೂತಿತ್ತು. ಕುರುಗೋಡಿನವರೆಲ್ಲ ಸಸ್ಯಶಾಸ್ತ್ರದಲ್ಲಿದ್ದರು.

ಒಮ್ಮೆ ನಾನು ಊರಿಗೆ ಹೋಗದೆ ಬಳ್ಳಾರಿಯ ಚಿಕ್ಕಮ್ಮನ ಮನೆಯಲ್ಲಿ ಉಳಿದೆ. ಮರುದಿನ ಹನ್ನೊಂದಕ್ಕೆ ಕ್ಲಾಸಿನಲ್ಲಿ ನಾನೊಬ್ಬಳೇ. ಹೊಸದಾಗಿ ಬಂದಿದ್ದ ಖಗೋಳದ ಸರ್ ಖಾಲಿ ಬೆಂಚುಗಳನ್ನು ನೋಡಿ ತಮ್ಮ ಪಾಠವೇ ಕೆಟ್ಟದಾಗಿರಬೇಕೆಂದು ಮುಖ ಸಣ್ಣ ಮಾಡಿಕೊಂಡರು. ನಾನು ಅವರನ್ನು ಸೀದಾ ಅಣ್ಣನ ಅಂಗಡಿಗೆ ಕರೆದುಕೊಂಡು ಹೋದೆ.

“ನನ್ನ ಕ್ಲಾಸ್ ಎಲ್ಲಿ ಹೋಯ್ತಪ್ಪ?” ಎಂದು ಕೇಳಿದರು.

ಅಣ್ಣ ಯಂತ್ರದಿಂದ ತಲೆ ಎತ್ತಲಿಲ್ಲ. “ಸಿರುಗುಪ್ಪದಾಗ ಪಂಕ್ಚರ್ ಆಗಿ ನಿಂತೈತ್ರಿ ಸರ್. ಸ್ಟೆಪ್ನಿ ಹಾಕಾಕತ್ತಾರ. ಹನ್ನೆರಡೂವರಿಗೆ ಪಾಠ ಸುರು ಮಾಡ್ರಿ.”