ಕೊರ್ಬಿನಿಯನ್ ಹಿಡಿಯದ ಮಂದ್ರ

ಬವೇರಿಯಾದ ನಮ್ಮ ಪೇಟೆಯಲ್ಲಿ ಕುದುರೆಗಳಿಗಿಂತ ಹಾಡುವವರೇ ಹೆಚ್ಚು. ಹಾಗಾಗಿ ಜೀನು ಹೊಲಿಯುವ ಕೊರ್ಬಿನಿಯನ್‌ಗೆ ಕಸುಬಿಗಿಂತ ಕಂಠದಿಂದಲೇ ಹೆಸರು. ಮೂವತ್ತೊಂದು ವರ್ಷ ಊರ ಹಾಡುಮೇಳದ ಹಿಂದಿನ ಸಾಲಿನಲ್ಲಿ ನಿಂತು ಮಂದ್ರ ಹಿಡಿದವನು. ಪಕ್ಕದಲ್ಲಿ ಗಿರಣಿ ನಡೆಸುವ ವೀಟ್ ನಿಲ್ಲುತ್ತಿದ್ದ. ಒಬ್ಬ ಉಸಿರೆಳೆದುಕೊಳ್ಳುವಾಗ ಇನ್ನೊಬ್ಬ ಸ್ವರ ನಿಲ್ಲಿಸುವಂತಿಲ್ಲ. ಇಬ್ಬರ ನಡುವೆ ಮೊಣಕೈ ತಾಗಿಸುವುದೇ ಸನ್ನೆ.

ನಿವೃತ್ತ ಶಿಕ್ಷಕಿ ಓಟಿಲೀ, ಎಂಟುನೂರು ವರ್ಷದ ಹಿಂದೆ ಅಲೆಮಾರಿ ಪಂಡಿತರು ಬರೆದ ಲ್ಯಾಟಿನ್ ಕವಿತೆಗಳಿಗೆ ರಾಗ ಕಟ್ಟಿ ನಮ್ಮಿಂದ ಹಾಡಿಸುತ್ತಿದ್ದರು. ಚಳಿಗಾಲದ ಕವಿತೆಯೊಂದರಲ್ಲಿ ಎಲ್ಲರೂ ಸುಮ್ಮನಾಗಿ, ಇವರಿಬ್ಬರ ಮಂದ್ರವಷ್ಟೇ ಉಳಿಯಬೇಕು.

ಆದರೆ ಗಂಟಲುಬೇನೆಯಲ್ಲಿ ಕೊರ್ಬಿನಿಯನ್‌ನ ಹಾಡುವ ದನಿ ಹೋಗಿತ್ತು. ಸಾಲು ಬಿಡಲು ಮನಸ್ಸಾಗದೆ ಬರೀ ಬಾಯಿ ಆಡಿಸುತ್ತಿದ್ದ. ವೀಟ್‌ಗೆ ಗೊತ್ತಿತ್ತು. ಚೀಸ್ ಮಾರುವ ನಾನು ಅವರ ಮುಂದಿನ ಸಾಲಿನವನು; ಬೆನ್ನ ಹಿಂದಿನ ಮಂದ್ರ ತೂಕದಲ್ಲಿ ಅರ್ಧ ಕಡಿಮೆಯಾದದ್ದು ನನಗೂ ತಿಳಿದಿತ್ತು.

ಸಂಗೀತ ಕಛೇರಿಯ ದಿನ ಸರಿಯಾಗಿ ಆ ಜಾಗದಲ್ಲೇ ವೀಟ್‌ಗೆ ಉಸಿರು ಸಾಲಲಿಲ್ಲ. ಸ್ವರ ನಿಂತೇಹೋಯಿತು. ಸಭಾಂಗಣವಿಡೀ ನಿಶ್ಶಬ್ದ. ಆಮೇಲೆ ಹೇಗೋ ಎಲ್ಲರೂ ಸೇರಿಕೊಂಡೆವು. ತಮಾಷೆಯೆಂದರೆ, ಜನ ಬಂದು ಆ ಮೌನವನ್ನೇ ಹೊಗಳಿದ್ದು. ಹಿಮದಲ್ಲಿ ಒಬ್ಬರೇ ನಿಂತಂತಾಯಿತು ಎಂದು ಪಾದ್ರಿಗಳು ಕಣ್ಣೊರೆಸಿಕೊಂಡರು.

ಮುಂದಿನ ಗುರುವಾರ ಅಭ್ಯಾಸಕ್ಕೆ ಓಟಿಲೀ ಪೆನ್ಸಿಲ್ ಹಿಡಿದೇ ಬಂದರು. ಆ ಮೌನ ತಾವು ಬರೆದದ್ದಲ್ಲ, ಆದರೂ ಚೆನ್ನಾಗಿದೆ, ಹಾಳೆಯಲ್ಲಿ ಸೇರಿಸುತ್ತೇನೆ ಎಂದು ಗುರುತು ಹಾಕಿದರು. ಇಬ್ಬರೂ ಅದನ್ನು ಹೇಗೆ ಮಾತಾಡಿಕೊಂಡಿರಿ ಎಂದು ಮೆಚ್ಚಿಕೊಂಡು ಕೇಳಿದರು. ವೀಟ್ ನೆಲ ನೋಡಿದ. ಹೂಂ ಅಂದಿದ್ದರೆ ಕೊರ್ಬಿನಿಯನ್‌ನ ಜಾಗ ಉಳಿಯುತ್ತಿತ್ತು. ಕೊರ್ಬಿನಿಯನ್ ಕಿವಿಯವರೆಗೂ ಕೆಂಪಾಗಿ ಬಾಯಿಬಿಟ್ಟ.

"ಮಾತಾಡ್ಕೊಂಡಿದ್ದು ಏನೂ ಇಲ್ಲ ಟೀಚರಮ್ಮ. ನನ್ ದನಿ ಹೋಗಿ ಹತ್ತು ತಿಂಗಳಾಯ್ತು. ಸುಮ್ನೆ ಬಾಯಿ ಆಡಿಸ್ತಾ ನಿಮಗೆಲ್ಲ ಮೋಸ ಮಾಡ್ದೆ."

"ಅದಕ್ಕೇ ನಿನ್ ಶ್ರುತಿ ಒಂದಿನಾನೂ ತಪ್ಪಲಿಲ್ಲ, ಬಿಡು ಮಾರಾಯ," ಅಂದುಬಿಟ್ಟೆ ನಾನು.

ಯಾರೂ ನಗಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದವನ ಬಾಯಿಂದ ಬರಬೇಕಾದ ಮಾತು ಅದಲ್ಲ ಎಂದು ಅಂದ ಮೇಲೆ ಹೊಳೆಯಿತು.

ಓಟಿಲೀ ಪೆನ್ಸಿಲ್ ಗುರುತನ್ನು ಅಳಿಸಿಹಾಕಿದರು. "ಹತ್ತು ತಿಂಗಳು ನನ್ ಕಿವಿಗೆ ಬೀಳಲಿಲ್ವಲ್ಲ, ನಾನ್ಯಾವ ಮುಖ ಇಟ್ಕೊಂಡು ನಿಮ್ಮನ್ನ ಬಯ್ಯಲಿ?"

ಕೊರ್ಬಿನಿಯನ್ ತನ್ನ ಹಾಡಿನ ಹಾಳೆಗಳನ್ನು ಜೋಡಿಸಿ ಅವರ ಕೈಗಿತ್ತ. ಕುರ್ಚಿ ಹಾಕುವುದಕ್ಕಾದರೂ ಬರಬಹುದೇ ಎಂದು ಕೇಳಿದ. ಬೇಡ, ಎದುರಿಗೆ ಕೂತು ಕೇಳಿ, ತಪ್ಪು ಹೇಳಿ ಎಂದರು ಓಟಿಲೀ.

ಮುಂದಿನ ವಾರ ಬಂದ. ಎದುರಿನ ಕುರ್ಚಿಗಳ ಮೊದಲ ಸಾಲಿನಲ್ಲೇ ಕೂತ. ಹಾಡು ಮುಗಿಯುವವರೆಗೂ ತಲೆಯೆತ್ತಲಿಲ್ಲ. ನಾವೂ ಅವನತ್ತ ನೋಡಲಿಲ್ಲ.