ಎಣ್ಣೆ, ಸೀಗೆಕಾಯಿ ಮತ್ತು ಒಂದು ನವಿಲುಗರಿ

ಅತ್ತೆಗೆ ನನ್ನ ಮೇಲೆ ಅನುಮಾನ ಶುರುವಾದದ್ದು ಒಂದು ಡಬ್ಬಿ ಎಣ್ಣೆಯಿಂದ. ಎಪ್ಪತ್ತರ ದಶಕದ ಕೊನೆಯ ಮಾತು. ಖಾನಾಪುರದಿಂದ ಬೆಳಗಾವಿಯ ಟಿಳಕವಾಡಿಗೆ ಸೊಸೆಯಾಗಿ ಬಂದು ಇನ್ನೂ ಒಂದು ದೀಪಾವಳಿ ಕಂಡಿರಲಿಲ್ಲ. ತವರಿಗೆ ಹೋಗಿ ರೈಲಿನಲ್ಲಿ ವಾಪಸು ಬರುವಾಗ ಅಪ್ಪ ಒಂದು ತಗಡಿನ ಡಬ್ಬಿ ಕೈಗಿಟ್ಟರು. ಗುಂಜಿಯ ಕಡೆಯಿಂದ ಹೊಂಗೆಯ ಬೀಜ ತರಿಸಿ ಗಾಣಕ್ಕೆ ಹಾಕಿಸಿದ ಎಣ್ಣೆ. ಖಾನಾಪುರದಲ್ಲಿ ನಮ್ಮದು ಅರ್ಧ ಕನ್ನಡ, ಅರ್ಧ ಮರಾಠಿ. ಹೊಂಗೆ ಎಣ್ಣೆಗೆ ನಾವು ಕರಂಜಿ ಎಣ್ಣೆ ಅನ್ನುತ್ತಿದ್ದೆವು. "ಕರಂಜಿ ಎಣ್ಣಿ ಐತ್ರಿ" ಎಂದು ಅಡುಗೆಮನೆಯ ಬಾಗಿಲಲ್ಲಿ ಡಬ್ಬಿ ಇಟ್ಟು ನಾನು ಸ್ನಾನಕ್ಕೆ ಹೋದೆ.

ಟಿಳಕವಾಡಿಯ ಮರಾಠಿ ನೆರೆಹೊರೆಯಲ್ಲಿ ಕರಂಜಿ ಎಂದರೆ ಕರಿದು ತಿನ್ನುವ ಕರ್ಚಿಕಾಯಿ. ಬೀಗರು ಕರ್ಚಿಕಾಯಿ ಕರಿಯಲು ಹೊಸ ಎಣ್ಣೆ ಕಳಿಸಿದ್ದಾರೆಂದು ಅತ್ತೆ ಖುಷಿಯಿಂದ ಒಂದಿಷ್ಟು ಬಾಣಲೆಗೆ ಸುರಿದು ಒಲೆ ಹಚ್ಚಿಬಿಟ್ಟಿದ್ದರು. ನಾನು ತಲೆ ಒರೆಸಿಕೊಳ್ಳುತ್ತ ಹೊರಬಂದರೆ ಮನೆತುಂಬ ಹೊಗೆ, ಕಮಟು ನಾತ. ಅತ್ತೆ ಮೂಗಿಗೆ ಸೆರಗು ಒತ್ತಿಕೊಂಡು ಅಂಗಳದಲ್ಲಿ ನಿಂತಿದ್ದರು. ಅವರ ಹಿಂದೆ ನನ್ನ ಗಂಡ.

"ಏನವಾ ಇದು? ನಮ್ಮನ್ನೆಲ್ಲಾ ಮನಿ ಬಿಟ್ಟು ಓಡಸಾಕ ತಂದೀಯೇನು?"

"ನಿಮ್ಮನ್ನಲ್ರೀ ಅತ್ತಿ, ಗುಲಾಬಿ ಗಿಡದಾಗಿನ ಹೇನು ಓಡಸಾಕ" ಎಂದೆ.

ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ನಗಲಿಲ್ಲ.

"ಓಡಸಾಕೋ, ಕೊಲ್ಲಾಕೋ?"

ನಮ್ಮದು ಜೈನರ ಮನೆ. ನನ್ನ ತವರೂ ಹಾಗೇ. ಆದರೆ ಅತ್ತೆಯ ಕಟ್ಟುನಿಟ್ಟು ಬೇರೆಯದೇ ಜಾತಿಯದು. ಬಾವಿಯ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸುವುದು ಎಲ್ಲರೂ ಮಾಡುತ್ತಿದ್ದ ಕೆಲಸ. ಸೋಸಿದ ಮೇಲೆ ಆ ಬಟ್ಟೆಯನ್ನು ಮಗುಚಿ, ಮೇಲೆ ನೀರು ಹನಿಸಿ, ಅದರಲ್ಲಿ ಸಿಕ್ಕ ಕಣ್ಣಿಗೆ ಕಾಣದ ಜೀವಗಳನ್ನು ಕೊಡದಲ್ಲಿ ಇಳಿಸಿ ಅದೇ ಬಾವಿಗೆ ವಾಪಸು ಬಿಡುವ ತಾಳ್ಮೆ ಅವರೊಬ್ಬರಿಗೇ ಇತ್ತು. ಅಡುಗೆ ಅವರದೇ, ದೇವರ ಪಾತ್ರೆ ತಿಕ್ಕುವುದೂ ಅವರೇ. ನನ್ನ ಕೈಯಿಂದ ಅವರು ತೆಗೆದುಕೊಳ್ಳುತ್ತಿದ್ದುದು ಒಂದೇ ಒಂದು, ಬೆಳಗಿನ ಪೂಜೆಯ ಹೂವು. ಹಿತ್ತಲಿನ ಗುಲಾಬಿಯನ್ನು ನಾನು ಬಿಡಿಸಿ ಕೊಡಬೇಕು, ಅವರು ಎರಡೂ ಕೈಯೊಡ್ಡಿ ತಗೊಳ್ಳಬೇಕು. ಆ ಹೊತ್ತಿಗಷ್ಟೇ ನಾನು ಈ ಮನೆಯವಳು ಅನಿಸುತ್ತಿತ್ತು.

ಆ ಹೂವಿಗೇ ಸಂಚಕಾರ ಬಂದಿತ್ತು. ಮೊಗ್ಗಿನ ತೊಟ್ಟಿಗೆಲ್ಲ ಹಸಿರು ಹೇನು ಮುತ್ತಿ, ಅರಳುವ ಮೊದಲೇ ಮೊಗ್ಗು ಸೊಟ್ಟಗಾಗುತ್ತಿದ್ದವು. ಬಾಜೂ ಮನೆಯವರು ಬಿಳಿಯ ಪುಡಿ ಎರಚುತ್ತಿದ್ದರು, ಹುಳ ಉದುರಿ ಬೀಳುತ್ತಿದ್ದವು. ಅದು ನಮ್ಮಲ್ಲಿ ನಡೆಯುವ ಮಾತಲ್ಲ. "ಹಾವೂ ಸಾಯಬೇಕು, ಕೋಲೂ ಮುರೀಬಾರ್ದು ಅಂತಾರ ಮಂದಿ. ನಮ್ಮ ಮನ್ಯಾಗ ಹಾವೂ ಸಾಯಬಾರ್ದು ನೋಡು" ಎಂದು ಗಂಡ ಚಾಷ್ಟಿ ಮಾಡಿದರು.

ನನ್ನ ಅವ್ವನ ಪದ್ಧತಿ ನನಗೆ ಗೊತ್ತಿತ್ತು. ಬರೀ ಎಣ್ಣೆ ನೀರಿಗೆ ಬೆರೆಯುವುದಿಲ್ಲ, ಮೇಲೆ ತೇಲುತ್ತದೆ. ಮೊದಲು ಸೀಗೆಕಾಯಿ ನೆನೆಸಿ, ಕಿವುಚಿ, ನೊರೆ ಬರಿಸಬೇಕು. ಆ ನೊರೆನೀರಿಗೆ ಎರಡು ಚಮಚ ಹೊಂಗೆ ಎಣ್ಣೆ, ಇದ್ದರೆ ಒಂದು ಚಮಚ ಬೇವಿನೆಣ್ಣೆ ಹಾಕಿ ಕಡೆದರೆ ಹಾಲಿನಂತೆ ಬೆಳ್ಳಗಾಗುತ್ತದೆ. ಕೂಡಿಬಾರದವರಿಗೆ ಎಣ್ಣೆ ಸೀಗೆಕಾಯಿ ಅಂತಾರಲ್ಲ, ಆ ಗಾದೆ ಮಾಡಿದವನು ಗುಲಾಬಿ ಬೆಳೆಸಿರಲಿಕ್ಕಿಲ್ಲ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ, ಇಳಿಹೊತ್ತಿನಲ್ಲೇ ಹೊಡೆಯಬೇಕು. ಮನೆಯಲ್ಲೊಂದು ಔಷಧಿ ಹೊಡೆಯುವ ಹಳೆಯ ಕೈಪಂಪು ಬಿದ್ದಿತ್ತು. ಅದನ್ನು ಮುಟ್ಟಲು ಅತ್ತೆ ಬಿಡಲಿಲ್ಲ: "ತಗಣಿ ಕೊಲ್ಲಾಕ ಹುಟ್ಟಿದ್ದು ಅದು." ಬೇವಿನ ಟೊಂಗೆ ಅದ್ದಿ ಅದ್ದಿ ಚಿಮುಕಿಸಿದೆ. ಅವರು ಕಟ್ಟೆಯ ಮೇಲೆ ಕೂತು ರೆಪ್ಪೆ ಬಡಿಯದೆ ನೋಡುತ್ತಿದ್ದರು.

"ಸಾಯ್ತಾವೇನು?"

"ಇಲ್ರೀ. ಕಹಿಗೆ ಹೇಸಿ ಓಡ್ತಾವ."

"ಸಾಯೂದೇ ಇಲ್ಲ?"

"ಒಂದೂ ಸಾಯೂದಿಲ್ರಿ."

ಮರುದಿನ ಬೆಳಿಗ್ಗೆ ಚಲೋ ಗುಲಾಬಿಯೊಂದನ್ನು ಬಿಡಿಸಿ ಒಯ್ದೆ. ಅತ್ತೆ ಕೈಯೊಡ್ಡಲಿಲ್ಲ. "ಅಲ್ಲೇ ಮೆಟ್ಟಲ ಮ್ಯಾಲೆ ಇಡು" ಎಂದರು. ಸಂಜೆಯವರೆಗೂ ಅದು ಅಲ್ಲೇ ಬಾಡಿತು. ಪೂಜೆಗೆ ಗೇಟಿನ ಬಳಿ ಬರುವ ಹೂವಿನವಳ ಸೇವಂತಿಗೆ ಬಂತು.

ನನಗೆ ಅಳುವಲ್ಲ, ಸಿಟ್ಟು ಬಂತು. "ಆ ಹೂವಿನಾಕಿ ಹೊಲದಾಗ ಏನೇನು ಹೊಡಿತಾರೋ ಯಾರಿಗೆ ಗೊತ್ತು! ಆಕಿನ್ನ ಕೇಳೂದಿಲ್ಲ, ನನಗ ಮಾತ್ರ ಜಬರದಸ್ತ ಚೌಕಶಿ" ಎಂದು ಗಂಡನ ಮುಂದೆ ಕೂಗಾಡಿದೆ. ಅವರು ಪೇಪರಿನಿಂದ ಮುಖ ತೆಗೆಯಲಿಲ್ಲ.

ಅಲ್ಲಿಂದ ಮುಂದೆ ಹಿತ್ತಲೆಂಬುದು ಪೊಲೀಸ್ ಚೌಕಿಯಾಯಿತು. ನಾನು ಎಣ್ಣೆ ಹೊಡೆದು ಒಳಗೆ ಬಂದರೆ ಅತ್ತೆ ಚಾಳೀಸು ಕನ್ನಡಕ ಏರಿಸಿ ಹೊರಗೆ ಹೋಗುವುದು, ಎಲೆ ಮಗುಚಿ ನೋಡುವುದು, ಗಿಡದ ಬುಡದ ಮಣ್ಣಿಗೆ ಬಗ್ಗುವುದು. ಏನಾದರೂ ಸಿಕ್ಕಿತೋ ಇಲ್ಲವೋ ಹೇಳುತ್ತಿರಲಿಲ್ಲ. ಒಮ್ಮೆ ಎಲೆಗಳ ಮೇಲೆ ಬೂದಿ ಚೆಲ್ಲಿದಂತೆ ಬೆಳ್ಳಗಾಯಿತು. ಈಗಂತೂ ನಾನು ಗೆದ್ದೆ ಅಂದುಕೊಂಡೆ.

"ಇದು ಬೂದಿ ರೋಗರಿ ಅತ್ತಿ, ಹುಳಾ ಅಲ್ಲ. ಇದಕ್ಕೂ ಇದೇ ಎಣ್ಣಿ."

"ಬೂಷ್ಟಿಗೂ ಜೀವ ಐತಿ" ಎಂದು ಅವರು ಎದ್ದು ಹೋದರು.

ಇನ್ನೊಂದು ವಿಚಿತ್ರವಿತ್ತು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಂದು ಗಾವಠಿ ಗುಲಾಬಿ, ಅಂದರೆ ನಾಟಿ ತಳಿಯದು, ಇತ್ತು. ಬರೀ ಮುಳ್ಳು, ಹೂವು ಅಷ್ಟಕ್ಕಷ್ಟೆ. "ಆ ಗಿಡಕ್ಕ ಎಣ್ಣಿ ಮುಟ್ಟಸಬ್ಯಾಡ" ಎಂದು ಅತ್ತೆಯ ಅಪ್ಪಣೆ. ಯಾಕೆಂದು ಕೇಳಿದರೆ ಕೊಡ ಎತ್ತಿಕೊಂಡು ಬಾವಿಯ ಕಡೆ ನಡೆಯುತ್ತಿದ್ದರು. ದಿನ ಕಳೆದಂತೆ ಆ ಗಿಡದ ತುಂಬ ಹೇನೇ ಹೇನು. ನನ್ನ ಗಿಡಗಳಲ್ಲಿ ಎಣ್ಣೆ ಹೊಡೆಯುವ ಮೊದಲೇ ಕೆಲವು ಟೊಂಗೆ ಸ್ವಚ್ಛ, ಮತ್ತೆರಡು ದಿನಕ್ಕೆ ಮತ್ತೆ ಹೇನು. ಈಗ ಅನುಮಾನಪಡುವ ಸರದಿ ನನ್ನದು. ಮುದುಕಿ ಬೇಕಂತಲೇ ಹೇನು ಸಾಕುತ್ತಿದ್ದಾರೆ, ಅಲ್ಲಿಂದ ತಂದು ನನ್ನ ಗಿಡಕ್ಕೆ ಬಿಡುತ್ತಿದ್ದಾರೆ, ನನ್ನ ಎಣ್ಣೆ ಸೋಲಲಿ ಅಂತಲೇ ಈ ಹೂಟ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಅವರ ಬಿಳಿಸೀರೆ ಕಂಡಲ್ಲೆಲ್ಲ ಕಣ್ಣಿಟ್ಟೆ.

ಒಂದು ಮಧ್ಯಾಹ್ನ ಊಟವಾಗಿ ಮನೆಯವರೆಲ್ಲ ಅಡ್ಡಾಗಿದ್ದಾಗ ಹಿತ್ತಲ ಬಾಗಿಲು ಕಿರುಗುಟ್ಟಿತು. ಎದ್ದು ಕಿಟಕಿಗೆ ಬಂದೆ. ಅತ್ತೆ ನನ್ನ ಗುಲಾಬಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಒಂದು ಕೈಯಲ್ಲಿ ಏನೋ ಉದ್ದನೆಯದು, ಇನ್ನೊಂದರಲ್ಲಿ ಮುತ್ತುಗದ ಎಲೆ. ಕಳ್ಳ ಸಿಕ್ಕನೆಂದು ಬರಿಗಾಲಲ್ಲೇ ಹೊರಗೆ ನುಗ್ಗಿದೆ.

"ಏನು ಮಾಡಾಕತ್ತೀರಿ ಅತ್ತಿ ನನ್ನ ಗಿಡಕ್ಕ?"

ಅವರು ಬೆಚ್ಚಲಿಲ್ಲ. ಕೈಯಲ್ಲಿದ್ದುದು ನವಿಲುಗರಿ. ಅದರ ಮೆತ್ತನೆಯ ತುದಿಯಿಂದ ಮೊಗ್ಗಿನ ಮೇಲಿನ ಹೇನನ್ನು ಒಂದೊಂದಾಗಿ ಸವರಿ ಎಲೆಯ ಮೇಲೆ ಇಳಿಸುತ್ತಿದ್ದರು. ಎಲೆಯ ತುಂಬ ಹಸಿರು ಚುಕ್ಕೆಗಳು ಹರಿದಾಡುತ್ತಿದ್ದವು. ನಾನು ನೋಡುತ್ತಿದ್ದಂತೆ ಮಂಡಿ ಹಿಡಿದು ಎದ್ದರು, ಒಗೆಯುವ ಕಲ್ಲಿನತನಕ ನಡೆದು ಆ ಎಲೆಯನ್ನು ಗಾವಠಿ ಗುಲಾಬಿಯ ಕೊಂಬೆಗೆ ಸಿಕ್ಕಿಸಿದರು. ಒಂದೊಂದೇ ಹೇನು ಮುಳ್ಳಿನ ಕೊಂಬೆಗೆ ದಾಟತೊಡಗಿತು.

"ಸಂಜಿಕ ನೀ ಎಣ್ಣಿ ಹೊಡೀತಿ" ಎಂದರು. "ಸಿಕ್ಕಷ್ಟಾದ್ರೂ ತಗದ್ರ ನಿನಗ ತಟ್ಟೂ ಪಾಪ ಅಷ್ಟು ಕಡಿಮಿ."

ನನ್ನ ನಾಲಿಗೆ ಸುಮ್ಮನಿರಲಿಲ್ಲ. "ಹೇಳೇನಲ್ರಿ ಅವು ಸಾಯೂದಿಲ್ಲಂತ. ನಿಮಗ ಅನುಮಾನ ಎಣ್ಣಿ ಮ್ಯಾಲೋ, ನನ್ನ ಮ್ಯಾಲೋ?"

"ಎಣ್ಣಿ ಮ್ಯಾಲೆ ಅಲ್ಲವಾ, ನಿನ್ನ ಮ್ಯಾಲೂ ಅಲ್ಲ. ನಿನ್ನ ಮಾತಿನ ಮ್ಯಾಲೆ. ಒಂದೂ ಸಾಯೂದಿಲ್ಲ ಅಂತ ಅಷ್ಟು ಗಟ್ಟ್ಯಾಗಿ ಅಂತೀಯಲ್ಲ, ಬಗ್ಗಿ ನೋಡೀಯೇನು ಒಮ್ಮಿಯಾದ್ರೂ? ನಾ ದಿನಾ ನೋಡಾಕತ್ತೇನಿ. ನನಗಿನ್ನೂ ತಿಳದಿಲ್ಲ. ನಿನಗ ಹೆಂಗ ತಿಳೀತು?"

ಬಿಸಿಲು ನೆತ್ತಿ ಸುಡುತ್ತಿತ್ತು. ಅವ್ವ ಹೇಳಿದ್ದಳು, ನಾನು ನಂಬಿದ್ದೆ. ಅವ್ವನೂ ಬಗ್ಗಿ ನೋಡಿದ್ದನ್ನು ನಾನು ಕಂಡಿರಲಿಲ್ಲ. ಎಣ್ಣೆಯಲ್ಲಿ ತೊಯ್ದ ಅಷ್ಟು ಸಣ್ಣ ಜೀವ ಓಡುತ್ತದೋ, ಉಸಿರು ಕಟ್ಟಿ ಅಲ್ಲೇ ಉಳಿಯುತ್ತದೋ, ಯಾರು ಕಂಡವರು?

"ಖರೇ ಅಂದ್ರ... ಗೊತ್ತಿಲ್ರಿ ಅತ್ತಿ."

ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. ಎಲೆ ಮಗುಚಿ ನೋಡುವಾಗಿನ ಅದೇ ನೋಟ. ಆಮೇಲೆ ನವಿಲುಗರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಹಂಗಾರ ನಾಳಿಂದ ನಾ ಮೊದಲ, ನೀ ಹಿಂದ. ನಾ ಆತು ಅನ್ನೂತನಕ ಎಣ್ಣಿ ಕಲಸಬ್ಯಾಡ" ಎಂದು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಎಂದಿನಂತೆ ಹೂವು ಬಿಡಿಸಿ, ರೂಢಿಯಾಗಿಬಿಟ್ಟಿತ್ತಲ್ಲ, ಮೆಟ್ಟಿಲ ಮೇಲಿಟ್ಟು ತಿರುಗಿದೆ. ಗೇಟಿನಲ್ಲಿ ಹೂವಿನವಳು ಕೂಗುತ್ತಿದ್ದಳು. ಯಾರೂ ಹೋಗಲಿಲ್ಲ.

"ಅಲ್ಲಿ ಯಾಕ ಇಟ್ಟಿ?" ದೇವರಮನೆಯಿಂದ ಅತ್ತೆಯ ದನಿ. ಒದ್ದೆ ಸೀರೆಯಲ್ಲೇ ಬಾಗಿಲಿಗೆ ಬಂದು ನಿಂತು ಎರಡೂ ಕೈಯೊಡ್ಡಿದರು. "ಕೈಯಾಗ ಕೊಡು."

ಕೊಟ್ಟೆ. ಚಾಳೀಸು ಏರಿಸಿ, ಎಸಳುಗಳ ಅಡಿಯಲ್ಲಿ ಒಮ್ಮೆ ಕಣ್ಣಾಡಿಸಿಯೇ ಒಳಗೆ ಒಯ್ದರು.