ದೊಡ್ಡವ್ವನ ಐಸ್‌ಕ್ರೀಮ್ ಮಷಿನ್ನು

ಸೀಮೆಎಣ್ಣೆಯ ವಾಸನೆ ಈಗ ಮೂಗಿಗೆ ಬೀಳುವುದೇ ಅಪರೂಪ. ಹೋದ ತಿಂಗಳು ಹೊಸಪೇಟೆಯ ಒಂದು ಮಿಕ್ಸರ್ ರಿಪೇರಿ ಅಂಗಡಿಯಲ್ಲಿ ಮುದುಕ ಮೇಸ್ತ್ರಿಯೊಬ್ಬ ನಮ್ಮ ಮನೆಯ ಹಳೆಯ ಐಸ್‌ಕ್ರೀಮ್ ಮಷಿನ್ನಿನ ಹಲ್ಲುಚಕ್ರಗಳನ್ನು ಬಿಚ್ಚಿ ಸೀಮೆಎಣ್ಣೆ ತುಂಬಿದ ಬಟ್ಟಲಿಗೆ ಹಾಕಿದ. ಆ ವಾಸನೆಗೆ ನಾನು ಕೂತಲ್ಲೇ ಹತ್ತು ವರ್ಷದ ಹುಡುಗಿಯಾಗಿಬಿಟ್ಟೆ. ಮಷಿನ್ನು ಅಂದರೆ ದೊಡ್ಡದೇನಲ್ಲ. ಒಂದು ಮರದ ಬಕೆಟ್ಟು, ಅದರೊಳಗೆ ಹಾಲು ಹಾಕುವ ತಗಡಿನ ಡಬ್ಬಿ, ಮೇಲೆ ಕೈಯಿಂದ ತಿರುಗಿಸುವ ಹಿಡಿ. ಡಬ್ಬಿಯ ಸುತ್ತ ಮಂಜುಗಡ್ಡೆಯ ಚೂರು, ಹರಳುಪ್ಪು ತುಂಬಿ ತಿರುಗಿಸುತ್ತಾ ಹೋದರೆ ಹಾಲು ಗಟ್ಟಿಯಾಗುತ್ತದೆ. ಮೇಸ್ತ್ರಿ ಬಕೆಟ್ಟನ್ನು ಬೆಳಕಿಗೆ ಹಿಡಿದು, ಅಂಚಿನಿಂದ ನಾಲ್ಕು ಬೆರಳು ಕೆಳಗೆ ಅಂಟಿದ್ದ ಕರಿ ಮುದ್ದೆಯನ್ನು ಕೆದರಿ ನೋಡಿದ. "ಈ ತೂತಿಗೆ ಡಾಂಬರ್ ಯಾರ್ರೀ ಮೆತ್ಯಾರ? ಉಪ್ಪುನೀರು ಹೊರಗ ಹೋಗ್ಲಿ ಅಂತ ಬಿಟ್ಟ ತೂತಿದು. ಮುಚ್ಚಿದ್ರ ನೀರು ಮ್ಯಾಲೇರಿ ಡಬ್ಬಿ ಒಳಗ ಇಳೀತೈತಿ, ಐಸ್‌ಕ್ರೀಮ್ ಎಲ್ಲಾ ಉಪ್ಪಾಗ್ತೈತಿ," ಎಂದ. ಮೆತ್ತಿದವಳು ನಾನೇ. ನಮ್ಮ ದೊಡ್ಡವ್ವನ ಕೈಯಿಂದ ಅಡುಗೆಮನೆಯನ್ನು ಕಿತ್ತುಕೊಂಡದ್ದು ಯಾರು ಎಂಬುದು ನನಗೆ ಗೊತ್ತಾದದ್ದು ಹೀಗೆ, ಐವತ್ತು ವರ್ಷ ತಡವಾಗಿ, ಅಂಗಡಿಯೊಂದರ ಸ್ಟೂಲಿನ ಮೇಲೆ.

ನಮ್ಮ ಮನೆ ಕಾಲುವೆಯ ದಂಡೆಗಿತ್ತು. ಈಗ ಅಲ್ಲಿ ಹಂಪಿ ನೋಡಲು ಬಂದವರು ಇಳಿದುಕೊಳ್ಳುವ ಲಾಡ್ಜೊಂದು ಎದ್ದಿದೆ. ನಾನು ಆ ರಸ್ತೆಯಲ್ಲಿ ಹೋಗುವುದನ್ನು ಬಿಟ್ಟಿದ್ದೇನೆ. ಅಪ್ಪ, ಅವ್ವ, ಚಿಕ್ಕಪ್ಪ, ಚಿಕ್ಕವ್ವ, ನಾನು, ಚಿಕ್ಕಪ್ಪನ ಮಗ ಈರಣ್ಣ, ಇವರೆಲ್ಲರ ಮೇಲೆ ದೊಡ್ಡವ್ವ. ಅವಳಿಗೆ ಮಕ್ಕಳಿರಲಿಲ್ಲ. ಡ್ಯಾಮಿನಲ್ಲಿ ಕೆಲಸಕ್ಕಿದ್ದ ದೊಡ್ಡಪ್ಪ ತೀರಿಕೊಂಡ ಮೇಲೆ ಅವಳಿಗೆ ತನ್ನದು ಅಂತ ಉಳಿದದ್ದು ಅಡುಗೆಮನೆಯೊಂದೇ. ಯಾವ ಡಬ್ಬಿಯಲ್ಲಿ ಏನಿದೆ, ಯಾರಿಗೆ ಖಾರ ಆಗುವುದಿಲ್ಲ, ಯಾರು ಸಿಟ್ಟು ಮಾಡಿಕೊಂಡು ಉಣ್ಣದೆ ಮಲಗಿದ್ದಾರೆ, ಎಲ್ಲ ಲೆಕ್ಕವೂ ಅವಳ ತಲೆಯಲ್ಲಿರುತ್ತಿತ್ತು. ವರ್ಗವಾಗಿ ಹೋಗುವಾಗ ಸಾಹೇಬರೊಬ್ಬರು ದೊಡ್ಡಪ್ಪನಿಗೆ ಕೊಟ್ಟುಹೋದ ಮಷಿನ್ನು ಅದು. ದೊಡ್ಡಪ್ಪ ಇದ್ದಷ್ಟು ದಿನ ಹಾಲು, ಬಾಳೆಹಣ್ಣು, ಏಲಕ್ಕಿ ದೊಡ್ಡವ್ವನ ಪಾಲು. ಐಸು, ಉಪ್ಪು, ತಿರುಗಿಸುವುದು ಅವನ ಪಾಲು. ಅವನು ಹೋದ ಮೇಲೆ ಮೂರು ಬೇಸಿಗೆ ಅದು ಅಟ್ಟದ ಮೇಲೆಯೇ ಒಣಗಿತು.

ನಾಲ್ಕನೆಯ ಬೇಸಿಗೆ ಅವಳೇ ಅದನ್ನು ಕೆಳಗಿಳಿಸಿದಳು. ನನ್ನನ್ನು ಕರೆದಳು, ಯಾಕೆಂದರೆ ಮನೆಯಲ್ಲಿ ಬಿಚ್ಚುವ ಚಟ ಇದ್ದವಳು ನಾನೊಬ್ಬಳೇ. ಟಾರ್ಚು, ಅಲಾರಾಂ ಗಡಿಯಾರ, ಅಪ್ಪನ ಪೆನ್ನು, ಕೈಗೆ ಸಿಕ್ಕದ್ದನ್ನೆಲ್ಲ ಬಿಚ್ಚಿ, ಮತ್ತೆ ಕೂಡಿಸಲು ಬಾರದೆ ಬೈಸಿಕೊಂಡವಳು. "ಬಿಚ್ಚಲಿ ಬಿಡ್ರಿ, ಬಿಚ್ಚಿದಾಕಿ ಕೂಡ್ಸಾಕೂ ಕಲೀತಾಳ," ಎಂದು ಬೆನ್ನಿಗೆ ನಿಲ್ಲುತ್ತಿದ್ದವಳು ದೊಡ್ಡವ್ವ ಮಾತ್ರ. ಪಡಸಾಲೆಯಲ್ಲಿ ಗೋಣಿಚೀಲ ಹಾಸಿ ಇಬ್ಬರೂ ಎದುರುಬದುರು ಕೂತೆವು. ಹಲ್ಲುಚಕ್ರಗಳಲ್ಲಿ ಹಳೆ ಗ್ರೀಸು ಕಲ್ಲಾಗಿ ಕೂತಿತ್ತು. ಸೀಮೆಎಣ್ಣೆಯಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಹೊಲಿಗೆ ಮಷಿನ್ನಿನ ಎಣ್ಣೆ ಬಿಟ್ಟೆವು. ಒಣಗಿ ಬಿರುಕು ಬಿಟ್ಟಿದ್ದ ಬಕೆಟ್ಟನ್ನು ಎರಡು ದಿನ ಹಿತ್ತಲಿನ ಕಲ್ಲುಬಾನಿಯಲ್ಲಿ ಮುಳುಗಿಸಿಟ್ಟೆವು. ಹಲಗೆಗಳು ನೀರು ಕುಡಿದು ಉಬ್ಬಿ ಒಂದಕ್ಕೊಂದು ಕಚ್ಚಿಕೊಂಡವು, ಸೋರುವುದು ನಿಂತಿತು. ಆದರೆ ಬಕೆಟ್ಟು ತುಂಬಿದಾಗ ಒಂದು ತೂತಿನಿಂದ ಮಾತ್ರ ಸಣ್ಣಗೆ ನೀರು ಬರುತ್ತಲೇ ಇತ್ತು. ನಮ್ಮೂರ ಬೇಸಿಗೆ ಗೊತ್ತಲ್ಲ, ಮಧ್ಯಾಹ್ನಕ್ಕೆ ರಸ್ತೆಯ ಡಾಂಬರು ಬೆಲ್ಲದ ಪಾಕದಂತಾಗುತ್ತದೆ. ಓಡಿಹೋಗಿ ಕಡ್ಡಿಯಿಂದ ಒಂದು ಮುದ್ದೆ ಎಬ್ಬಿಸಿ ತಂದು, ಚಿಂದಿ ಸೇರಿಸಿ ತೂತಿಗೆ ತುರುಕಿ ಮೆತ್ತಿದೆ. ಒಂದು ಹನಿಯೂ ಬರಲಿಲ್ಲ. "ನಮ್ಮ ಹುಡುಗಿ ಭಾಳ ಶಾಣ್ಯಾಕಿ," ಎಂದು ದೊಡ್ಡವ್ವ ನನ್ನ ಗಲ್ಲ ಸವರಿ ನೆಟಿಕೆ ಮುರಿದಳು. ನಾನು ಎರಡು ದಿನ ನೆಲದ ಮೇಲೆ ಕಾಲಿಡಲಿಲ್ಲ.

ಆ ಭಾನುವಾರ ಸೋಡಾ ಅಂಗಡಿಯಿಂದ ಕಟ್ಟಿಗೆಹೊಟ್ಟು ಮೆತ್ತಿದ ಮಂಜುಗಡ್ಡೆ ಬಂತು. ದೊಡ್ಡವ್ವ ಬೆಳಿಗ್ಗೆಯಿಂದ ಸಕ್ಕರೆ ಹಾಕಿ ಹಾಲು ಬತ್ತಿಸಿ, ಹಿತ್ತಲಿನ ಸುಗಂಧಿ ಬಾಳೆಹಣ್ಣು ಕಿವುಚಿ ಹಾಕಿದ್ದಳು. ಓಣಿಯವರನ್ನೂ ಕರೆದಿದ್ದಳು. ಎಲ್ಲರೂ ಸರದಿಯ ಮೇಲೆ ತಿರುಗಿಸಿದರು. ಡಬ್ಬಿ ತೆಗೆದು ಬಟ್ಟಲಿಗೆ ಹಾಕಿಕೊಟ್ಟಾಗ ಮೊದಲು ತಿಂದ ಅಪ್ಪ ಎದ್ದು ಅಂಗಳಕ್ಕೆ ಹೋಗಿ ಉಗುಳಿ ಬಂದ. ಚಿಕ್ಕಪ್ಪ ನಾಲಿಗೆಗೆ ಹಚ್ಚಿಕೊಂಡು ನಕ್ಕುಬಿಟ್ಟ. "ಅತ್ತಿಗೆವ್ವಾ, ಸಕ್ರಿ ಅಂತ ಉಪ್ಪು ಸುರುವೀರೇನು?" ಎಲ್ಲರೂ ನಕ್ಕರು. ನಾನೂ ನಕ್ಕೆ. ದೊಡ್ಡವ್ವ ಒಂದು ಚಮಚ ಬಾಯಿಗಿಟ್ಟಳು. ಅಡುಗೆಮನೆಗೆ ಹೋಗಿ ಸಕ್ಕರೆ ಡಬ್ಬಿ, ಉಪ್ಪಿನ ಡಬ್ಬಿ ಎರಡನ್ನೂ ತೆರೆದು, ಒಂದೊಂದು ಚಿಟಿಕೆ ನಾಲಿಗೆಯ ಮೇಲಿಟ್ಟುಕೊಂಡು ನಿಂತಳು. ಬಾಗಿಲಲ್ಲಿ ನಿಂತು ನೋಡಿದವಳು ನಾನು. ತನ್ನ ಕೈಯನ್ನು ತಾನೇ ನಂಬದವರ ಮುಖ ಹೇಗಿರುತ್ತದೆಂದು ಅವತ್ತು ಕಂಡೆ, ಅರ್ಥ ಮಾತ್ರ ಆಗಲಿಲ್ಲ.

ಯಾರೂ ಅವಳಿಗೆ ಒಂದು ಬಿರುಸು ಮಾತಾಡಲಿಲ್ಲ. ಅದೇ ಕೆಟ್ಟದ್ದಾಯಿತು. ಮರುದಿನ ಅವ್ವ ಪ್ರೀತಿಯಿಂದಲೇ, "ಅಕ್ಕಾ, ನೀವು ಕುಂದ್ರಿ, ಇವತ್ತ ನಾ ಮಾಡ್ತೀನಿ," ಎಂದಳು. ಅದರ ಮರುದಿನ ಚಿಕ್ಕವ್ವ ಹಾಗೇ ಹೇಳಿದಳು. ಬೈದಿದ್ದರೆ ದೊಡ್ಡವ್ವ ತಿರುಗಿ ಬೈದು ಒಲೆಯ ಮುಂದೆಯೇ ಕೂತಿರುತ್ತಿದ್ದಳು. ಕನಿಕರದ ಎದುರು ಅವಳ ಬಾಯಿ ಕಟ್ಟಿಹೋಯಿತು. ಮಳೆಗಾಲ ಬರುವ ಹೊತ್ತಿಗೆ ಅವಳ ಜಾಗ ಪಡಸಾಲೆಯ ಮೂಲೆಯ ಚಾಪೆಯಾಗಿತ್ತು. ಸೊಪ್ಪು ಸೋಸುವುದು, ಬೆಳ್ಳುಳ್ಳಿ ಬಿಡಿಸುವುದು, ಅಷ್ಟೇ ಅವಳ ಪಾಲಿಗೆ ಉಳಿದದ್ದು. ಮನೆ ತುಂಬ ಜನ ಇದ್ದರೂ ಅವಳ ಹತ್ತಿರ ಏನಾದರೂ ಕೇಳಲು ಹೋಗುವವರು ಯಾರೂ ಇರಲಿಲ್ಲ. ತನ್ನ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವಾಗಲೂ ನನ್ನನ್ನು ಕರೆದು, ಅಂಗೈಯಲ್ಲಿ ನಾಲ್ಕು ಹರಳು ತೋರಿಸಿ, "ಕೂಸ, ಇದು ಸಕ್ರಿ ಹೌದಿಲ್ಲ?" ಎಂದು ಕೇಳುತ್ತಿದ್ದಳು. ನನಗೆ ಬೇಜಾರು. ಹೊರಗೆ ಆಟ ಕಾದಿರುತ್ತಿತ್ತು. ಒಂದು ದಿನ ಚೇಷ್ಟೆಗೆ, "ಅಲ್ಲ, ಉಪ್ಪು," ಎಂದು ಓಡಿಹೋದೆ. ತಿರುಗಿ ಬಂದಾಗ ಅವಳು ಸಪ್ಪೆ ಚಹಾ ಕುಡಿದು ಲೋಟ ತೊಳೆದಿಟ್ಟಿದ್ದಳು. ಅದಾದ ಮೇಲೆ ಅವಳು ಎಂಟು ವರ್ಷ ಬದುಕಿದಳು, ಮತ್ತೆ ಸಕ್ಕರೆ ಹಾಕಿಕೊಂಡದ್ದನ್ನು ನಾನು ನೋಡಲಿಲ್ಲ.

ಮೇಸ್ತ್ರಿಯ ಅಂಗಡಿಯಿಂದ ಮನೆಗೆ ಬಂದವಳಿಗೆ ಇದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು. ಅವತ್ತು ಉಗುಳಿದವರು, ನಕ್ಕವರು, ಕನಿಕರಪಟ್ಟವರು ಯಾರೂ ಈಗಿಲ್ಲ. ನಾನೋ ಒಬ್ಬಂಟಿ, ಮನೆಯಲ್ಲಿ ಮಾತಾಡಿದರೆ ಗೋಡೆ ಕೇಳಬೇಕು. ಉಳಿದವನು ಈರಣ್ಣನೊಬ್ಬನೇ. ಸಂಡೂರಿನ ಬಸ್ಸು ಹತ್ತಿದೆ. ಅದಿರಿನ ಲಾರಿಗಳ ಕೆಂಪು ಧೂಳು ನುಂಗುತ್ತ ಹೋಗಿ, ಅವನೆದುರು ಕೂತು ಎಲ್ಲ ಹೇಳಿದೆ. ಅವನು ಕೇಳಿ, "ಬಿಡಕ್ಕಾ, ಯಾವ ಕಾಲದ ಮಾತು. ಆಕಿನ ಹೋಗಿ ಎಷ್ಟ್ ವರ್ಷಾತು," ಎಂದು ಟಿವಿಯ ಕಡೆ ತಿರುಗಿದ.

ಅವನ ಮನೆಯ ಗೋಡೆಯ ಮೇಲೆ ದೊಡ್ಡವ್ವನ ಫೋಟೋ ಇದೆ, ನಮ್ಮಲ್ಲಿ ಉಳಿದಿರುವುದು ಅದೊಂದೇ. ನಾನು ಅದರ ಮುಂದೆ ನಿಂತಿದ್ದಾಗ ಈರಣ್ಣನ ಆರು ವರ್ಷದ ಮೊಮ್ಮಗಳು ಬಂದು ನನ್ನ ಸೆರಗು ಜಗ್ಗಿದಳು. "ಅಜ್ಜಿ, ಈಕಿ ಯಾರು ಗೊತ್ತೈತಿ? ಉಪ್ಪಿನಜ್ಜಿ. ಸಕ್ರಿ ಅಂತ ಉಪ್ಪು ಹಾಕಿದ್ಲಂತ!" ಎಂದು ಕಿಸಕ್ಕೆಂದು ನಕ್ಕಳು. ಎಷ್ಟೊಂದು ಜನರಿಗೆ ಉಣ್ಣಿಸಿದ ಹೆಂಗಸು, ತನ್ನನ್ನು ಕಣ್ಣಾರೆ ಕಾಣದ ಮಕ್ಕಳ ಬಾಯಲ್ಲಿ ಇಷ್ಟಾಗಿ ಉಳಿದಿದ್ದಳು. ಮಗುವಿನ ಎದುರು ಕುಕ್ಕರುಗಾಲಲ್ಲಿ ಕೂತು, "ಅಲ್ಲವ್ವಾ, ಆಕಿ ಸಕ್ರೀನ ಹಾಕಿದ್ಲು. ಉಪ್ಪು ಕೂಡಿದ್ದು ನನ್ನ ಕೈಯಿಂದ," ಎಂದೆ.

ಅವಳು ಫೋಟೋ ನೋಡಿದಳು, ನನ್ನನ್ನು ನೋಡಿದಳು. "ಹಂಗಾರ ನೀನೂ ಉಪ್ಪಿನಜ್ಜಿ ಏನು?"

"'ನೀನೂ' ಅಲ್ಲವ್ವಾ," ಎಂದೆ. "ಉಪ್ಪಿನಜ್ಜಿ ಅಂದ್ರ ನಾನೊಬ್ಬಾಕಿನ."